ಕೆಂಪು ಧೂಳಿನ ಊರಿನಲ್ಲಿ ಕಾರಿನ ವೈಪರ್ ಬ್ಲೇಡ್ ಬದಲಿಸುವುದು: ಮನೆಯಲ್ಲೇ ಮಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿ ಬರುವುದು ನನ್ನ ದಿನನಿತ್ಯದ ಓಡಾಟ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಸಂಜೆ, ಅದಿರಿನ ಲಾರಿಯೊಂದರ ಹಿಂದೆ ಬರುತ್ತಿದ್ದಾಗ ದಪ್ಪ ಹನಿಗಳು ಬಿದ್ದವು. ತಿಂಗಳುಗಟ್ಟಲೆ ಮುಟ್ಟದಿದ್ದ ವೈಪರನ್ನು ಚಾಲೂ ಮಾಡಿದೆ. ಗಾಜಿನ ಮೇಲಿದ್ದ ಧೂಳು ಆ ನಾಲ್ಕು ಹನಿಗೆ ಕಲಸಿ ಕೆಂಪು ಕೆಸರಾಯಿತು. ಬ್ಲೇಡ್ ಅದನ್ನು ಒರೆಸಲಿಲ್ಲ, ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ ಗಾಜಿಗೆಲ್ಲ ಬಳಿಯಿತು. ಎದುರಿನ ವಾಹನಗಳ ದೀಪ ಆ ಕೆಸರಿನಲ್ಲಿ ಹರಡಿ ರಸ್ತೆಯೇ ಕಾಣದಾಯಿತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕುಡಿಯುವ ನೀರಿನ ಬಾಟಲಿಯನ್ನು ಗಾಜಿನ ಮೇಲೆ ಸುರಿದು, ಮಳೆ ಜೋರಾಗುವವರೆಗೆ ಕಾದು ಕುಳಿತೆ.

ಮರುದಿನ ಗಾಜು ತೊಳೆದು ನೋಡಿದರೆ ಕಮಾನಿನಾಕಾರದ ನಾಲ್ಕು ಗೀರುಗಳು. ಅವು ಇಂದಿಗೂ ಇವೆ. ಸಂಜೆ ಸೂರ್ಯ ಎದುರಿಗಿದ್ದಾಗ ನಾಲ್ಕೂ ಮಿನುಗುತ್ತವೆ.

ನಮ್ಮ ಭಾಗದಲ್ಲಿ ವೈಪರ್ ಬ್ಲೇಡ್ ಹಾಳಾಗುವುದು ಮಳೆಯಲ್ಲಿ ಒರೆಸಿ ಒರೆಸಿ ಅಲ್ಲ, ಬಿಸಿಲಿನಲ್ಲಿ ಸುಮ್ಮನೆ ನಿಂತು. ಹಾಗೆ ಹಾಳಾದ ಬ್ಲೇಡು ಧೂಳಿನ ಜೊತೆ ಸೇರಿ ಗಾಜನ್ನು ಕೆಡಿಸುತ್ತದೆ. ಸಂಡೂರಿನ ಸುತ್ತಲಿನ ಧೂಳಿನಲ್ಲಿರುವ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಗಡಸುತನ ಹೆಚ್ಚೂಕಡಿಮೆ ಗಾಜಿನದಷ್ಟೇ. ಅದರ ಜೊತೆಗೆ ಹಾರುವ ಮರಳಿನ ಕಣವಂತೂ ಗಾಜಿಗಿಂತ ಗಟ್ಟಿ. ಒಣಗಿ ಗಡುಸಾದ ರಬ್ಬರು ಆ ಕಣಗಳನ್ನು ಗಾಜಿಗೆ ಒತ್ತಿ ಎಳೆದರೆ ಅದು ಉಪ್ಪುಕಾಗದದ ಕೆಲಸ. ಬ್ಲೇಡಿನ ಬೆಲೆ ನೂರರ ಲೆಕ್ಕದ್ದು, ಮುಂದಿನ ಗಾಜಿನದು ಸಾವಿರಗಳ ಲೆಕ್ಕದ್ದು. ಬ್ಲೇಡ್ ಬದಲಿಸಲು ಕೈ ಪಳಗಿದ ಮೇಲೆ ಹದಿನೈದು ನಿಮಿಷ ಸಾಕು. ಮೊದಲ ಸಲ ಅರ್ಧ ಗಂಟೆ ಇಟ್ಟುಕೊಳ್ಳಿ.

ಯಾವಾಗ ಬದಲಿಸಬೇಕು

ವರ್ಷಕ್ಕೊಮ್ಮೆ ಬದಲಿಸಿ ಎಂದು ಎಲ್ಲರೂ ಹೇಳುತ್ತಾರೆ. ವರ್ಷದಲ್ಲಿ ಯಾವಾಗ ಎಂಬುದು ನಮಗೆ ಅದಕ್ಕಿಂತ ಮುಖ್ಯ. ಸಂಕ್ರಾಂತಿಯ ಹೊತ್ತಿಗೆ ಹೊಸ ಬ್ಲೇಡ್ ಹಾಕಿಸಿದರೆ ಅದು ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ, ಮುಟ್ಟಲಾಗದಷ್ಟು ಕಾದ ಗಾಜಿನ ಮೇಲೆ ಬೇಯುತ್ತದೆ. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯ ಓಝೋನ್ ರಬ್ಬರಿನ ಅಂಚನ್ನು ಬಿರುಕು ಬಿಡಿಸುತ್ತವೆ. ಮುಂಗಾರು ಬರುವಾಗ ಆ ಹೊಸ ಬ್ಲೇಡು ಅರ್ಧ ಮುದಿಯಾಗಿರುತ್ತದೆ. ಅದಕ್ಕಾಗಿ ನಾನು ಮೇ ಕೊನೆಯ ವಾರ, ರೋಹಿಣಿ ಮಳೆ ಕೂಡುವ ಹೊತ್ತಿಗೆ ಬದಲಿಸುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದ್ದರಿಂದ ಆಗಸ್ಟ್ ಕೊನೆಗೆ ಇನ್ನೊಮ್ಮೆ ಅಂಚನ್ನು ಪರೀಕ್ಷಿಸುತ್ತೇನೆ.

ಪರೀಕ್ಷೆ ಸುಲಭ. ಬ್ಲೇಡನ್ನು ಎತ್ತಿ, ಒದ್ದೆ ಬಟ್ಟೆಯಿಂದ ರಬ್ಬರಿನ ಅಂಚನ್ನು ಒರೆಸಿ, ಉಗುರಿನ ತುದಿಯನ್ನು ಅಂಚಿನುದ್ದಕ್ಕೂ ಮೆಲ್ಲಗೆ ಹಾಯಿಸಿ. ಎಲ್ಲಿಯಾದರೂ ಉಗುರು ತಡೆದರೆ ಅಲ್ಲಿ ಸೀಳಿದೆ. ಅಂಚನ್ನು ಬೆರಳಿನಿಂದ ಒಂದು ಕಡೆಗೆ ಬಾಗಿಸಿ ಬಿಡಿ. ತಟ್ಟನೆ ನೆಟ್ಟಗಾದರೆ ಜೀವವಿದೆ, ಬಾಗಿದಂತೆಯೇ ಉಳಿದರೆ ಮುಗಿದಿದೆ. ಬಳಿಕ ಗಾಜಿಗೆ ನೀರು ಹಾಯಿಸಿ ವೈಪರ್ ಓಡಿಸಿ. ಕೂದಲೆಳೆಯಂಥ ಗೆರೆ ಉಳಿದರೆ ಅಂಚು ಸೀಳಿದೆ ಅಥವಾ ಅಲ್ಲಿ ಕಸ ಸಿಕ್ಕಿಕೊಂಡಿದೆ. ಎರಡು ಬೆರಳಗಲದ ಪಟ್ಟಿ ಒರೆಸದೆ ಉಳಿದರೆ ಬ್ಲೇಡಿನ ಕಬ್ಬಿಣದ ಚೌಕಟ್ಟು ಬಾಗಿದೆ, ಇಲ್ಲವೇ ಬ್ಲೇಡನ್ನು ಹಿಡಿದಿರುವ ತೋಳಿನ ಸ್ಪ್ರಿಂಗ್ ಸಡಿಲವಾಗಿದೆ. ಗಾಜಿನ ತುಂಬ ಮಂಜಿನಂಥ ಪದರ ಉಳಿದರೆ ರಬ್ಬರು ಗಡುಸಾಗಿದೆ, ಅಥವಾ ಗಾಜಿಗೆ ಜಿಡ್ಡು ಹತ್ತಿದೆ.

ಅಳತೆ ಮತ್ತು ಕೊಕ್ಕೆ: ಅಂಗಡಿಗೆ ಹೋಗುವ ಮುನ್ನ

ಹೆಚ್ಚಿನವರು ಎಡವುವುದು ಇಲ್ಲೇ. ಕಾರಿನ ಹೆಸರು ಹೇಳಿದರೆ ಸಾಕು ಎಂದುಕೊಳ್ಳುತ್ತೇವೆ. ಒಮ್ಮೆ ನಾನು ಹಾಗೆಯೇ ಹೋಗಿ ನಿಂತಾಗ ಕೌಂಟರಿನ ಹುಡುಗ, "ಅಣ್ಣ, ನಿಮ್ಮ ಗಾಡಿಗೆ ಇದೇ ಬರುತ್ತದೆ, ಕಣ್ಣು ಮುಚ್ಚಿ ತೆಗೆದುಕೊಂಡು ಹೋಗಿ" ಎಂದು ಒಂದು ಜೊತೆ ಕೊಟ್ಟ. ಮನೆಗೆ ಬಂದು ನೋಡಿದರೆ ಎಡಗಡೆಯದು ಎರಡು ಇಂಚು ಉದ್ದ. ಒಂದೇ ಹೆಸರಿನ ಕಾರಿನ ಹಳೆಯ ಮಾದರಿಗೂ ಹೊಸ ಮಾದರಿಗೂ ಬ್ಲೇಡಿನ ಅಳತೆ ಬೇರೆ ಇರಬಹುದು. ಹುಡುಗನ ತಪ್ಪೇನಿರಲಿಲ್ಲ, ನಾನು ಮಾದರಿಯ ವರ್ಷವನ್ನೇ ಹೇಳಿರಲಿಲ್ಲ.

ಅಳತೆಪಟ್ಟಿ ಹಿಡಿದು ರಬ್ಬರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಳೆಯಿರಿ. ಎರಡೂ ಬ್ಲೇಡುಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಬಹಳಷ್ಟು ಕಾರುಗಳಲ್ಲಿ ಚಾಲಕನ ಕಡೆಯದು ಉದ್ದ, ಪಕ್ಕದ ಸೀಟಿನ ಕಡೆಯದು ಗಿಡ್ಡ. ಪೊಟ್ಟಣದ ಮೇಲೆ ಇಂಚು ಮತ್ತು ಮಿಲಿಮೀಟರ್ ಎರಡನ್ನೂ ಬರೆದಿರುತ್ತಾರೆ. 24 ಇಂಚು ಎಂದರೆ 600 ಮಿಲಿಮೀಟರ್, 16 ಇಂಚು ಎಂದರೆ 400 ಮಿಲಿಮೀಟರ್ ಎಂದು ಸುಮಾರಾಗಿ ಲೆಕ್ಕ ಹಿಡಿಯಿರಿ. ಉದ್ದ ಹೆಚ್ಚಿದ್ದರೆ ಹೆಚ್ಚು ಒರೆಸುತ್ತದೆ ಎಂದು ದೊಡ್ಡದನ್ನು ಹಾಕಬೇಡಿ. ಎರಡು ಬ್ಲೇಡುಗಳು ಒಂದಕ್ಕೊಂದು ಬಡಿಯುತ್ತವೆ, ಇಲ್ಲವೇ ತುದಿ ಗಾಜಿನ ಅಂಚಿನ ಪಟ್ಟಿಗೆ ತಾಗುತ್ತದೆ. ಮೋಟಾರಿಗೂ ಭಾರ.

ಅಳತೆಯಷ್ಟೇ ಮುಖ್ಯವಾದದ್ದು ತೋಳಿನ ತುದಿ. ನಮ್ಮ ರಸ್ತೆಗಳಲ್ಲಿ ಓಡುವ ಕಾರುಗಳಲ್ಲಿ ಬಹುಪಾಲಿಗೆ ತೋಳಿನ ತುದಿ ಕೊಡೆಯ ಹಿಡಿಯಂತೆ ಬಾಗಿದ ಕೊಕ್ಕೆಯಾಗಿರುತ್ತದೆ. ಕೆಲವು ಕಾರುಗಳಲ್ಲಿ ಕೊಕ್ಕೆಯ ಬದಲು ಒತ್ತುವ ಗುಂಡಿಯ ಕೊಂಡಿ, ಕೆಲವದರಲ್ಲಿ ಪಕ್ಕದಿಂದ ಸೇರುವ ಪಿನ್ನು. ಮೊಬೈಲಿನಲ್ಲಿ ಆ ತುದಿಯನ್ನು ಹತ್ತಿರದಿಂದ ಒಂದು ಚಿತ್ರ ತೆಗೆದುಕೊಂಡು ಹೋಗಿ ಅಂಗಡಿಯವರಿಗೆ ತೋರಿಸಿ. ಇದಕ್ಕಿಂತ ಒಳ್ಳೆಯ ವಿವರಣೆ ಬೇರೆ ಇಲ್ಲ. ಹಳೆಯ ಬ್ಲೇಡನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಯ ತೋಳಿನೊಂದಿಗೆ ಕಾರು ಓಡಿಸಿಕೊಂಡು ಹೋಗುವ ಸಾಹಸ ಮಾತ್ರ ಬೇಡ.

ಯಾವ ಬಗೆ? ಕಬ್ಬಿಣದ ಚೌಕಟ್ಟಿನ ಹಳೆಯ ಬಗೆ ಅಗ್ಗ, ರಬ್ಬರನ್ನಷ್ಟೇ ಬದಲಿಸಲೂ ಬರುತ್ತದೆ. ಆದರೆ ಅದರ ಸಂದುಗಳಲ್ಲಿ ಅದಿರಿನ ಧೂಳು ಕೂತು ಕೀಲುಗಳು ಬಿಗಿಯುತ್ತವೆ. ಆಮೇಲೆ ಚೌಕಟ್ಟು ಗಾಜಿನ ಬಾಗಿಗೆ ಹೊಂದುವುದಿಲ್ಲ. ಚೌಕಟ್ಟಿಲ್ಲದ ಚಪ್ಪಟೆ ಬಗೆಯಲ್ಲಿ ಆ ಕೀಲುಗಳೇ ಇಲ್ಲ. ಒಳಗಿನ ಬಾಗಿದ ಉಕ್ಕಿನ ಪಟ್ಟಿ ಇಡೀ ರಬ್ಬರನ್ನು ಸಮನಾಗಿ ಒತ್ತುತ್ತದೆ. ಗಿಣಿಗೇರಿ, ತೋರಣಗಲ್ಲು, ಸಂಡೂರು ಕಡೆ ದಿನವೂ ಓಡಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸಿಲಿಕೋನ್ ರಬ್ಬರಿನದು ಬಿಸಿಲು ತಾಳುತ್ತದೆ, ಬೆಲೆ ಹೆಚ್ಚು. ಕಾರು ನೆರಳಿಲ್ಲದೆ ಇಡೀ ದಿನ ಬಯಲಲ್ಲೇ ನಿಲ್ಲುವುದಾದರೆ ಆ ಹಣ ದಂಡವಲ್ಲ.

ಮೊದಲು ಗಾಜು, ಆಮೇಲೆ ಬ್ಲೇಡ್

ಕೊಳಕು ಗಾಜಿನ ಮೇಲೆ ಹೊಸ ಬ್ಲೇಡ್ ಓಡಿಸಿದರೆ ಅಂಚು ಮೊದಲ ದಿನವೇ ಕೆಡುತ್ತದೆ. ಕಾರನ್ನು ಬೆಳಗಿನ ತಂಪಿನಲ್ಲಿ ಅಥವಾ ನೆರಳಿನಲ್ಲಿ ಸಮನಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ಮಳೆ ಬಂದರೆ ತಾನಾಗಿ ಓಡುವ ವೈಪರ್ ನಿಮ್ಮ ಕಾರಿನಲ್ಲಿದ್ದರೆ ಆ ಸೌಲಭ್ಯವನ್ನು ಮೊದಲು ನಿಲ್ಲಿಸಿ. ಇಲ್ಲದಿದ್ದರೆ ಕೀಲಿ ಚಾಲೂ ಇರುವಾಗ ಗಾಜಿಗೆ ನೀರು ಬಿದ್ದೊಡನೆ ಅದು ಕೈಗೆ ಬಡಿಯಬಹುದು.

ಒಣ ಬಟ್ಟೆಯಿಂದ ಗಾಜು ಒರೆಸುವ ಅಭ್ಯಾಸ ನಮ್ಮಲ್ಲಿ ಬಹಳ. ದಯವಿಟ್ಟು ಬಿಡಿ. ಮೊದಲು ಒಂದು ಬಕೆಟ್ ನೀರನ್ನು ಮಗ್ಗಿನಿಂದ ಮೇಲಿನಿಂದ ಕೆಳಕ್ಕೆ ಧಾರೆಯಾಗಿ ಬಿಡಿ. ಕೆಂಪು ನೀರು ಇಳಿದು ತಿಳಿಯಾಗುವವರೆಗೆ ಬಟ್ಟೆ ತಾಗಿಸಬೇಡಿ. ಆಮೇಲೆ ಪಾತ್ರೆ ತೊಳೆಯುವ ದ್ರವವನ್ನು ಒಂದೆರಡು ಹನಿ ನೀರಿಗೆ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ತೊಳೆದರೆ ಲಾರಿಗಳ ಹೊಗೆಯ ಜಿಡ್ಡು ಹೋಗುತ್ತದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಸಂಜೆ ಕಾಲುವೆ ಪಕ್ಕದ ಭತ್ತದ ಗದ್ದೆಗಳ ನಡುವೆ ಬಂದವರ ಗಾಜಿಗೆ ಹುಳು ಮೆತ್ತಿಕೊಂಡಿರುತ್ತದೆ. ಅದನ್ನು ಉಗುರಿನಿಂದ ಕೆರೆಯುವುದು ಬೇಡ. ಒದ್ದೆ ಮಾಡಿದ ಹಳೆಯ ಟವೆಲನ್ನು ಹತ್ತು ನಿಮಿಷ ಹೊದಿಸಿದರೆ ನೆನೆದು ತಾನೇ ಬಿಡುತ್ತದೆ.

ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂಭಾಗದಲ್ಲಿ ಜಾಲರಿಯಿರುವ ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, ಅದರಲ್ಲಿ ಬೇವಿನ ಎಲೆ, ಮಣ್ಣು ತುಂಬಿರುತ್ತವೆ. ನೀರು ಹರಿದು ಹೋಗುವ ದಾರಿ ಅದು. ಕೈಯಿಂದ ಎಲೆಗಳನ್ನು ತೆಗೆದು ಚೊಕ್ಕ ಮಾಡಿ. ಅಲ್ಲಿನ ಮಣ್ಣೇ ಮತ್ತೆ ಬ್ಲೇಡಿಗೆ ಮೆತ್ತುವುದು.

ಹಳೆಯದನ್ನು ಬಿಚ್ಚುವುದು

ದಪ್ಪ ಟವೆಲ್ ಅಥವಾ ಮಡಚಿದ ಕಂಬಳಿಯನ್ನು ಗಾಜಿನ ಮೇಲೆ ಹಾಸಿ. ಈ ಹೆಜ್ಜೆಯನ್ನು ಯಾರೂ ಬಿಡಬಾರದು. ತೋಳಿನ ಬುಡದಲ್ಲಿ ಬಲವಾದ ಸ್ಪ್ರಿಂಗ್ ಇದೆ. ಬ್ಲೇಡ್ ಬಿಚ್ಚಿದ ಬರಿಯ ತೋಳು ಕೈಜಾರಿದರೆ ಕಬ್ಬಿಣದ ಕೊಕ್ಕೆ ಸುತ್ತಿಗೆಯ ಏಟಿನಂತೆ ಗಾಜಿಗೆ ಬಡಿಯುತ್ತದೆ. ನಮ್ಮ ಓಣಿಯಲ್ಲೇ ಒಂದು ಕಾರಿನ ಗಾಜು ಹೀಗೆ ಒಡೆದದ್ದನ್ನು ಕಂಡಿದ್ದೇನೆ. ಅವರು ಬಿಚ್ಚಿದ ತೋಳನ್ನು ಎತ್ತಿ ನಿಲ್ಲಿಸಿ, ಹೊಸ ಬ್ಲೇಡ್ ತರಲು ಒಳಗೆ ಹೋಗಿದ್ದರು. ಆಷಾಢದ ಗಾಳಿಯ ಒಂದು ಬೀಸು ಸಾಕಾಯಿತು. ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದಾದ್ದರಿಂದ ಪುಡಿಯಾಗಿ ಬೀಳಲಿಲ್ಲ, ಆದರೆ ಬಿರುಕು ಒಂದು ವಾರದಲ್ಲಿ ಅಡ್ಡಕ್ಕೆ ಹರಿಯಿತು.

ತೋಳನ್ನು ಬ್ಲೇಡಿನಿಂದ ಹಿಡಿದು ಎಳೆಯದೆ, ತೋಳಿನ ಲೋಹದ ಭಾಗವನ್ನೇ ಹಿಡಿದು ಮೆಲ್ಲಗೆ ಎತ್ತಿ, ಅದು ತಾನಾಗಿ ನಿಲ್ಲುವವರೆಗೆ. ಎರಡು ತೋಳುಗಳಲ್ಲಿ ಮೇಲೆ ಮಲಗಿರುವುದು ಮೊದಲು ಏಳಬೇಕು. ಕೆಲವು ಕಾರುಗಳಲ್ಲಿ ವೈಪರ್ ಬಾನೆಟ್ಟಿನ ಅಂಚಿನೊಳಗೆ ಅಡಗಿ ಕೂತಿರುತ್ತದೆ, ಎತ್ತಿದರೆ ಬಣ್ಣ ಕೆರೆಯುತ್ತದೆ. ಅಂಥ ಕಾರಿನಲ್ಲಿ ವೈಪರನ್ನು ಗಾಜಿನ ನಡುವಿಗೆ ತಂದು ನಿಲ್ಲಿಸುವ ಕ್ರಮ ಕಾರಿನ ಕೈಪಿಡಿಯಲ್ಲಿದೆ, ಅದರಂತೆ ಮಾಡಿ. ಒಂದು ಕಡೆಯ ಕೆಲಸ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆಗೆ ಹೋಗಿ. ಬಿಚ್ಚದೆ ಉಳಿದ ಕಡೆ ನಿಮಗೆ ನಕಾಶೆಯಿದ್ದಂತೆ: ಕೊಕ್ಕೆ ಹೇಗೆ ಕೂತಿತ್ತು ಎಂಬ ಅನುಮಾನ ಬಂದಾಗ ಅದನ್ನು ನೋಡಿಕೊಳ್ಳಬಹುದು.

ಈಗ ಕೊಕ್ಕೆ. ಎತ್ತಿ ನಿಲ್ಲಿಸಿದ ತೋಳಿಗೆ ಬ್ಲೇಡನ್ನು ಅಡ್ಡವಾಗಿ ತಿರುಗಿಸಿ. ಕೊಕ್ಕೆಯ ಬಾಗಿನೊಳಗೆ ಪ್ಲಾಸ್ಟಿಕ್ಕಿನ ತುಂಡೊಂದು, ಅದರ ಮೇಲೆ ಬೆರಳಿಗೆ ಸಿಗುವ ಸಣ್ಣ ನಾಲಿಗೆ ಕಾಣುತ್ತದೆ. ಆ ನಾಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬ್ಲೇಡನ್ನು ತೋಳಿನ ಬುಡದ ಕಡೆಗೆ ತಳ್ಳಿ. ಮೇಲಕ್ಕೆ ಎಳೆಯಬೇಕು ಅನ್ನಿಸುವುದು ಸಹಜ, ಆದರೆ ಅದು ಬಿಡುವುದು ಕೆಳಕ್ಕೆ ತಳ್ಳಿದಾಗಲೇ. ಕೊಕ್ಕೆ ಪ್ಲಾಸ್ಟಿಕ್ಕಿನಿಂದ ಕಳಚಿಕೊಂಡ ಮೇಲೆ ಬ್ಲೇಡಿನ ನಡುವಿನ ಕಿಂಡಿಯಿಂದ ಕೊಕ್ಕೆಯನ್ನು ಹೊರಗೆ ತನ್ನಿ. ವರ್ಷಗಟ್ಟಲೆ ಬಿಚ್ಚದಿದ್ದರೆ ಧೂಳು ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ಆಗ ಬಲ ಹಾಕದೆ ಬಿಸಿನೀರನ್ನು ಹನಿ ಹನಿಯಾಗಿ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಮತ್ತೆ ಪ್ರಯತ್ನಿಸಿ.

ಗುಂಡಿಯ ಕೊಂಡಿಯಾದರೆ ಗುಂಡಿ ಒತ್ತಿ ಹಿಡಿದು ಬ್ಲೇಡನ್ನು ತೋಳಿನ ತುದಿಯಾಚೆಗೆ ನೇರವಾಗಿ ಎಳೆದರೆ ಬರುತ್ತದೆ. ಪಕ್ಕದ ಪಿನ್ನಾದರೆ ಲಾಕ್ ಎತ್ತಿ ಪಕ್ಕಕ್ಕೆ ಎಳೆಯಬೇಕು.

ಬ್ಲೇಡ್ ಕಳಚಿದೊಡನೆ ಬರಿಯ ತೋಳನ್ನು ಟವೆಲ್ಲಿನ ಮೇಲೆ ಮಲಗಿಸಿಬಿಡಿ, ಎತ್ತಿ ನಿಲ್ಲಿಸಿ ಹೋಗಬೇಡಿ.

ಹೊಸದನ್ನು ಕೂರಿಸುವುದು

ಪೊಟ್ಟಣದಲ್ಲಿ ಮೂರ್ನಾಲ್ಕು ಬಗೆಯ ಪ್ಲಾಸ್ಟಿಕ್ ಕೊಂಡಿಗಳಿರುತ್ತವೆ. ಕೊಕ್ಕೆಯ ಕಾರಿಗೆ ಬೇಕಾದದ್ದು ಸಾಮಾನ್ಯವಾಗಿ ಮೊದಲೇ ಸೇರಿಸಿಯೇ ಇರುತ್ತದೆ. ಬೇರೆಯದಾದರೆ ಚಿತ್ರ ನೋಡಿ ಬದಲಿಸಿ. ಕೊಕ್ಕೆಯನ್ನು ಕಿಂಡಿಯೊಳಗಿಂದ ತೂರಿಸಿ, ಪ್ಲಾಸ್ಟಿಕ್ ತುಂಡಿನ ದುಂಡನೆಯ ಬೆನ್ನು ಕೊಕ್ಕೆಯ ಬಾಗಿಗೆ ಹೊಂದುವಂತೆ ಹಿಡಿದು, ಬ್ಲೇಡನ್ನು ತೋಳಿನ ತುದಿಯ ಕಡೆಗೆ ಎಳೆಯಿರಿ. "ಟಕ್" ಎಂಬ ಶಬ್ದ ಕೇಳಲೇಬೇಕು. ಕೇಳಿದ ಮೇಲೂ ಎರಡು ಸಲ ಕೆಳಕ್ಕೆ ತಳ್ಳಿ ಪರೀಕ್ಷಿಸಿ. ಅರ್ಧ ಕೂತ ಬ್ಲೇಡ್ ಮಳೆಯಲ್ಲಿ ಹಾರಿಹೋಗುತ್ತದೆ, ಆಗ ಕಬ್ಬಿಣದ ತೋಳು ನೇರವಾಗಿ ಗಾಜನ್ನು ಕೆರೆಯುತ್ತದೆ.

ರಬ್ಬರಿನ ಅಂಚಿಗೆ ತೊಡಿಸಿದ ಪ್ಲಾಸ್ಟಿಕ್ ಕವಚವನ್ನು ಈಗ ತೆಗೆಯಿರಿ. ಅದನ್ನು ತೆಗೆಯದೆ ಓಡಿಸಿ, "ಹೊಸ ಬ್ಲೇಡೂ ಒರೆಸುತ್ತಿಲ್ಲ" ಎಂದು ಅಂಗಡಿಗೆ ಮರಳಿದವರಿದ್ದಾರೆ. ಅಂಚನ್ನು ಬೆರಳಿನಿಂದ ಮುಟ್ಟದಿದ್ದರೆ ಒಳ್ಳೆಯದು, ಅದರ ಮೇಲಿನ ಲೇಪ ಹೋಗುತ್ತದೆ. ಟವೆಲ್ ಸರಿಸಿ, ತೋಳನ್ನು ಕೈಯಲ್ಲಿ ಹಿಡಿದುಕೊಂಡೇ ಗಾಜಿನ ಮೇಲೆ ಇಳಿಸಿ. ಎರಡೂ ಕಡೆ ಮುಗಿದ ಮೇಲೆ ಗಾಜನ್ನು ಚೆನ್ನಾಗಿ ಒದ್ದೆ ಮಾಡಿ ನಿಧಾನದ ವೇಗದಲ್ಲಿ ಹತ್ತು ಸಲ ಓಡಿಸಿ. ತುದಿಗಳು ಎಲ್ಲಿಯೂ ತಾಗುತ್ತಿಲ್ಲವೇ, ಒಂದಕ್ಕೊಂದು ಬಡಿಯುತ್ತಿಲ್ಲವೇ ನೋಡಿ.

ಚೌಕಟ್ಟು ಗಟ್ಟಿಯಾಗಿದ್ದು ರಬ್ಬರು ಮಾತ್ರ ಹೋಗಿದ್ದರೆ ರಬ್ಬರನ್ನಷ್ಟೇ ಹಾಕಿಕೊಳ್ಳಬಹುದು. ಚೌಕಟ್ಟಿನುದ್ದಕ್ಕೂ ರಬ್ಬರನ್ನು ಹಿಡಿದಿರುವ ಹಲ್ಲುಗಳಿರುತ್ತವೆ, ಒಂದು ತುದಿಯ ಹಲ್ಲು ಮಾತ್ರ ರಬ್ಬರು ಜಾರದಂತೆ ಬಿಗಿಹಿಡಿದಿರುತ್ತದೆ. ಆ ತುದಿಯನ್ನು ಚಿವುಟಿ ಎಳೆದರೆ ಇಡೀ ಪಟ್ಟಿ ಜಾರಿ ಬರುತ್ತದೆ. ಜೊತೆಗಿರುವ ಎರಡು ತೆಳು ಉಕ್ಕಿನ ಕಡ್ಡಿಗಳನ್ನು ಎಸೆಯಬೇಡಿ. ಅವುಗಳ ಬಾಗು ಯಾವ ಕಡೆಗಿತ್ತು, ಬಿಗಿಹಿಡಿದ ಹಲ್ಲು ಯಾವ ತುದಿಯಲ್ಲಿತ್ತು ಎಂದು ಮೊದಲೇ ಚಿತ್ರ ತೆಗೆದಿಟ್ಟುಕೊಂಡು ಹಾಗೆಯೇ ಹೊಸ ರಬ್ಬರಿಗೆ ಸೇರಿಸಿ, ಒಂದು ಹಲ್ಲನ್ನೂ ಬಿಡದೆ ತೂರಿಸಿ.

ಹಿಂದಿನ ಗಾಜಿನ ವೈಪರಿನ ತೋಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು, ಪೂರ್ತಿ ಏಳುವುದಿಲ್ಲ, ಎಳೆದರೆ ಮುರಿಯುತ್ತದೆ. ಆದಷ್ಟು ಎತ್ತಿ, ಬ್ಲೇಡನ್ನು ಅಡ್ಡಕ್ಕೆ ತಿರುಗಿಸಿ, ಕೀಲಿನ ಹತ್ತಿರ ಒತ್ತಿ ಬಿಡಿಸಿ. ಅದರ ಅಳತೆಯೂ ಕೊಂಡಿಯೂ ಮುಂದಿನವುಗಳಂತಲ್ಲ, ಬೇರೆಯೇ ಕೇಳಿ ತರಬೇಕು.

ಹೊಸದು ಹಾಕಿದರೂ ಕುಣಿಯುತ್ತಿದ್ದರೆ

ಬ್ಲೇಡ್ ಗಾಜಿನ ಮೇಲೆ ಗಡಗಡನೆ ಕುಣಿದರೆ ಮೊದಲು ಗಾಜನ್ನು ಅನುಮಾನಿಸಿ. ಕಾರು ತೊಳೆಯುವ ಕಡೆ ಹಚ್ಚಿದ ಪಾಲಿಷ್ ಗಾಜಿಗೂ ತಾಗಿರುತ್ತದೆ. ಪಾತ್ರೆಯ ದ್ರವದಿಂದ ಇನ್ನೊಮ್ಮೆ ತೊಳೆಯಿರಿ. ರಬ್ಬರಿಗೆ ಸೀಮೆಎಣ್ಣೆ, ಪೆಟ್ರೋಲ್ ಹಚ್ಚುವವರಿದ್ದಾರೆ. ರಬ್ಬರು ಉಬ್ಬಿ ಕೆಡುತ್ತದೆ, ಬೇಡ. ಗಾಜು ಚೊಕ್ಕಟವಾಗಿದ್ದೂ ಕುಣಿತ ನಿಲ್ಲದಿದ್ದರೆ ತೋಳು ತಿರುಚಿಕೊಂಡಿರಬಹುದು. ವೈಪರನ್ನು ಗಾಜಿನ ನಡುವಿನಲ್ಲಿ ನಿಲ್ಲಿಸಿ ತುದಿಯಿಂದ ನೋಡಿ: ರಬ್ಬರು ಗಾಜಿಗೆ ನೆಟ್ಟಗೆ ನಿಂತಿರಬೇಕು, ಒಂದು ಕಡೆ ವಾಲಿರಬಾರದು. ವಾಲಿದ್ದರೆ ತೋಳನ್ನು ತಿದ್ದುವ ಕೆಲಸವನ್ನು ಮೆಕ್ಯಾನಿಕ್ಕಿಗೆ ಬಿಡಿ. ಹೆಚ್ಚು ತಿರುಚಿದರೆ ತೋಳು ಮುರಿಯುತ್ತದೆ. ತೋಳಿನ ಬುಡದ ಕೀಲು ಧೂಳಿನಿಂದ ಬಿಗಿದಿದ್ದರೆ ಬ್ರಷ್ಷಿನಿಂದ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಬಿಟ್ಟು, ಹತ್ತು ಸಲ ಎತ್ತಿ ಇಳಿಸಿದರೆ ಒತ್ತಡ ಮರಳುತ್ತದೆ. ಎಣ್ಣೆ ಗಾಜಿಗೆ ತಾಗದಂತೆ ಬಟ್ಟೆ ಹಿಡಿದುಕೊಳ್ಳಿ.

ನೀರಿನ ಡಬ್ಬಿ

ಬ್ಲೇಡ್ ಬದಲಿಸಿದ ದಿನವೇ ಬಾನೆಟ್ ತೆರೆದು ಗಾಜಿಗೆ ನೀರು ಚಿಮ್ಮಿಸುವ ಡಬ್ಬಿಯನ್ನೂ ನೋಡಿ. ನಮ್ಮ ಕೊಳವೆಬಾವಿಯ ಗಡಸು ನೀರು ತುಂಬಿಸಿದರೆ ಲವಣ ಕಟ್ಟಿಕೊಂಡು ಚಿಮ್ಮುವ ರಂಧ್ರ ಮುಚ್ಚುತ್ತದೆ, ಗಾಜಿನ ಮೇಲೂ ಬಿಳಿ ಕಲೆ ಉಳಿಯುತ್ತದೆ. ಶುದ್ಧ ನೀರಿನ ಘಟಕದಿಂದ ತರುವ ಕುಡಿಯುವ ನೀರನ್ನೇ ಹಾಕಿ, ಅದಕ್ಕೆ ಗಾಜು ತೊಳೆಯುವ ಕಾರಿನ ದ್ರವವನ್ನು ಅದರ ಬಾಟಲಿಯ ಮೇಲೆ ಹೇಳಿದಷ್ಟು ಬೆರೆಸಿ. ಬಟ್ಟೆ ಸೋಪಿನ ಪುಡಿ ಬೇಡ, ಅದು ಪದರ ಕಟ್ಟುತ್ತದೆ. ರಂಧ್ರ ಮುಚ್ಚಿದ್ದರೆ ಹೊಲಿಗೆ ಸೂಜಿಯಿಂದ ಮೆಲ್ಲಗೆ ಬಿಡಿಸಿ, ನೀರು ಗಾಜಿನ ನಡುವಿಗೆ ಬೀಳುವಂತೆ ದಿಕ್ಕು ಸರಿಪಡಿಸಿ.

ನಾನು ಮಾಡಿಕೊಂಡ ಒಂದು ಕಟ್ಟುನಿಟ್ಟಿದೆ: ಒಣ ಗಾಜಿನ ಮೇಲೆ ವೈಪರ್ ಓಡುವಂತಿಲ್ಲ. ಮೊದಲು ನೀರು ಚಿಮ್ಮಿಸಿ, ಎರಡು ಎಣಿಸಿ, ಆಮೇಲೆ ಒರೆಸು. ಮಳೆಯ ಮೊದಲ ಹನಿಗಳಿಗೂ ಇದೇ ಕ್ರಮ, ಆಗಂತೂ ಇನ್ನಷ್ಟು ನೀರು. ರಾತ್ರಿ ಕಾರು ಆರಿಸುವ ಮುನ್ನ ಸ್ಟೀರಿಂಗ್ ಪಕ್ಕದ ವೈಪರ್ ಸ್ವಿಚ್ಚಿನ ಕಡ್ಡಿ ಆಫ್ ಸ್ಥಾನದಲ್ಲೇ ಇದೆಯೇ ಎಂದು ನೋಡುತ್ತೇನೆ. ಇಲ್ಲದಿದ್ದರೆ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಅದು ಧೂಳಿನ ಮೇಲೆ ಎಳೆದುಕೊಂಡು ಹೋಗುತ್ತದೆ. ವಾರಕ್ಕೊಮ್ಮೆ, ಪೆಟ್ರೋಲ್ ಬಂಕಿನಲ್ಲಿ ಸರದಿ ಕಾಯುವಾಗಲೇ ಆಗಲಿ, ಬ್ಲೇಡ್ ಎತ್ತಿ ಒದ್ದೆ ಬಟ್ಟೆಯಿಂದ ಅಂಚು ಒರೆಸುತ್ತೇನೆ. ಬಟ್ಟೆಗೆ ಹತ್ತುವ ಕೆಂಪು ನೋಡಿದರೆ ಗಾಜಿಗೆ ಏನಾಗುತ್ತಿತ್ತು ಎಂದು ತಿಳಿಯುತ್ತದೆ. ಬಿಚ್ಚಿದ ಎರಡು ಹಳೆಯ ಬ್ಲೇಡುಗಳಲ್ಲಿ ಚಾಲಕನ ಕಡೆಯದನ್ನು ಡಿಕ್ಕಿಯಲ್ಲಿ ಒಂದು ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತೇನೆ. ಸಂಡೂರಿನ ದಾರಿಯಲ್ಲಿ ಹೊಸದು ಕೈಕೊಟ್ಟರೆ ಚಾಲಕನ ಕಡೆಗೆ ಹಾಕಿಕೊಂಡು ಮನೆ ಮುಟ್ಟುವಷ್ಟು ಕೆಲಸ ಅದು ಮಾಡುತ್ತದೆ. ಅದಕ್ಕಾಗಿ ಇಟ್ಟುಕೊಳ್ಳುವುದು ಚಾಲಕನ ಕಡೆಯ ಅಳತೆಯದೇ ಆಗಿರಲಿ.